ಕಿಳಿಮಾನೂರಿನ ಗೋಡೆಗಳು: ರಾಜಾ ರವಿವರ್ಮರ ಬಾಳು

ಮಗುವಿನ ಕೈಗೆ ಒಂದು ತುಂಡು ಇದ್ದಿಲು ಸಿಕ್ಕಿದರೆ ಅದು ಮೊದಲು ಅರಸುವುದು ಗೋಡೆಯನ್ನು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರು ಅರಮನೆಯಲ್ಲಿ ಬೆಳೆಯುತ್ತಿದ್ದ ಒಬ್ಬ ಬಾಲಕನೂ ಹೀಗೆಯೇ ಸುಣ್ಣ ಬಳಿದ ಗೋಡೆಗಳ ಮೇಲೆ ಪ್ರಾಣಿಪಕ್ಷಿಗಳನ್ನೂ ಮನೆಯೊಳಗಿನ ದಿನನಿತ್ಯದ ನೋಟಗಳನ್ನೂ ಬರೆಯುತ್ತಿದ್ದನು. ಗೋಡೆ ಕೆಟ್ಟಿತೆಂದು ಆಳುಕಾಳುಗಳು ದೂರಿದರು. ಆದರೆ ಆ ಗೋಡೆಯ ಮುಂದೆ ನಿಂತು ನೋಡಿದ ಸೋದರಮಾವನಿಗೆ ಅಲ್ಲಿ ಕೊಳೆ ಕಾಣಲಿಲ್ಲ, ಕೈ ಕಂಡಿತು. ಇದು ಆ ಮನೆತನದಲ್ಲಿ ಹೇಳಿಕೊಂಡು ಬಂದ ಕಥೆ. ಬಾಲಕನೇ ಮುಂದೆ ಭಾರತದ ಮನೆಮನೆಯ ಗೋಡೆಯ ಮೇಲೆ ಸರಸ್ವತಿಯನ್ನೂ ಲಕ್ಷ್ಮಿಯನ್ನೂ ನಿಲ್ಲಿಸಿದ ರಾಜಾ ರವಿವರ್ಮರು.

ಮಕ್ಕಳ ಚಿತ್ರದಲ್ಲಿ ಅವರ ಮನೆಯೂ ನಾಡೂ ಹೇಗೆ ಬಂದು ಕೂಡುತ್ತವೆ ಎಂಬುದನ್ನು ತಿಳಿಯಬೇಕಾದರೆ ಈ ಬಾಳಿನಷ್ಟು ಸ್ಪಷ್ಟವಾದ ನಿದರ್ಶನ ವಿರಳ. ಶಾಲೆಗೆ ನೂರು ವರ್ಷ ತುಂಬಿದ ಈ ಹೊತ್ತಿನಲ್ಲಿ, ಕೇರಳದ ಮಣ್ಣಿನಲ್ಲಿ ಕನ್ನಡದ ಅಕ್ಷರ ಕಲಿಸುತ್ತಿರುವ ನಾವು, ಕೇರಳದಲ್ಲಿ ಹುಟ್ಟಿ ಮೈಸೂರಿನವರೆಗೂ ಬಡೋದೆಯವರೆಗೂ ನಡೆದ ಒಬ್ಬ ಕಲಾವಿದರ ಬಾಲ್ಯವನ್ನು ನೆನೆಯುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇನೆ.

ರವಿವರ್ಮರು ಹುಟ್ಟಿದ್ದು 1848ರ ಏಪ್ರಿಲ್ 29ರಂದು. ಕಿಳಿಮಾನೂರು ಮನೆತನಕ್ಕೆ ತಿರುವಾಂಕೂರಿನ ರಾಜವಂಶದೊಡನೆ ತಲೆಮಾರುಗಳ ಮದುವೆ ಸಂಬಂಧವಿತ್ತು. ಅದು ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ತರವಾಡಿಗೆ ಸೇರಿದವರು. ನಮ್ಮ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಆಸ್ತಿ, ಆಚಾರ, ವಿದ್ಯೆ ಎಲ್ಲವೂ ಹೆಣ್ಣಿನ ಮೂಲಕ ಹರಿದುಬರುತ್ತಿದ್ದ ಆ ವ್ಯವಸ್ಥೆಯಲ್ಲಿ ಸೋದರಮಾವನೆಂದರೆ ಬರಿಯ ಬಂಧುವಲ್ಲ, ಮಗುವಿನ ಮುನ್ನಡೆಗೆ ಹೊಣೆ ಹೊತ್ತವನು. ಗೋಡೆಯ ಮೇಲಿನ ಗೆರೆಯನ್ನು ಕಂಡು ಮನಸ್ಸು ಮಾಡಿದವನು ತಂದೆಯಲ್ಲದೆ ಮಾವನೇ ಆಗಿದ್ದುದಕ್ಕೆ ಇದು ಕಾರಣ.

ತಂದೆ ಏಳುಮಾವಿಲ್ ನೀಲಕಂಠ ಭಟ್ಟತಿರಿಪ್ಪಾಡ್ ಸಂಸ್ಕೃತ ವಿದ್ವಾಂಸರು. ತಾಯಿ ಉಮಾಯಂಬಾ ತಂಬುರಾಟ್ಟಿ ಕವಯಿತ್ರಿ. ತುಳ್ಳಲ್ ಎಂಬ ಕುಣಿತದ ಹಾಡಿನ ಪ್ರಕಾರದಲ್ಲಿ ಪಾರ್ವತೀ ಸ್ವಯಂವರವನ್ನು ಬರೆದವರು. ಆ ಕೃತಿಯನ್ನು ತಾಯಿ ತೀರಿಕೊಂಡ ಮೇಲೆ ಮಗನೇ ಅಚ್ಚುಹಾಕಿಸಿದರು. ಒಡಹುಟ್ಟಿದವರಲ್ಲಿ ಗೋದವರ್ಮರಿಗೆ ಸಂಗೀತ ಒಲಿದಿತ್ತು. ರಾಜರಾಜವರ್ಮ ಮತ್ತು ಮಂಗಳಾಬಾಯಿ ಚಿತ್ರ ಬರೆಯುವವರಾದರು. ಮನೆಗೆ ಸೇರಿದಂತೆ ಕಥಕಳಿಯ ಮೇಳವೂ ಇತ್ತು. ಇದೇ ಮನೆತನದ ಹಿರಿಯರೊಬ್ಬರು ರಾವಣವಿಜಯವೆಂಬ ಆಟ್ಟಕಥೆಯನ್ನು ರಚಿಸಿದ್ದರು.

ಇಂಥ ಮನೆಯಲ್ಲಿ ಮಗು ಏನನ್ನು ಕಂಡಿರಬಹುದು ಎಂಬುದನ್ನು ನಾವು ಸುಲಭವಾಗಿ ಊಹಿಸಿಕೊಳ್ಳಬಲ್ಲೆವು. ಏಕೆಂದರೆ ನಮ್ಮ ಮಕ್ಕಳೂ ಯಕ್ಷಗಾನದ ಚೌಕಿಯಲ್ಲಿ ಇಣುಕಿ ನೋಡಿದವರೇ. ದೊಡ್ಡ ದೀಪದ ಮುಂದೆ ಬಣ್ಣ ಹಚ್ಚಿದ ಮುಖ, ಕಣ್ಣಿನ ಒಂದು ಚಲನೆಯಲ್ಲೇ ಕೋಪವೋ ಶೃಂಗಾರವೋ ಮೂಡುವ ಪರಿ, ಕಥೆಯ ಒಂದು ಗಳಿಗೆಯನ್ನು ಹಿಡಿದು ನಿಲ್ಲಿಸಿ ಅದನ್ನೇ ವಿಸ್ತರಿಸುವ ಅಭಿನಯ, ಇವೆಲ್ಲ ಆ ಬಾಲಕನ ಕಣ್ಣಿಗೆ ಅಕ್ಷರಕ್ಕಿಂತ ಮುಂಚೆ ಬಿದ್ದ ಪಾಠಗಳು. ಮುಂದೆ ಅವರು ಬರೆದ ಪೌರಾಣಿಕ ಚಿತ್ರಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಕಾಲಿಗೆ ಮುಳ್ಳು ಚುಚ್ಚಿತೆಂಬ ನೆವದಲ್ಲಿ ಹಿಂತಿರುಗಿ ನೋಡುವ ಶಕುಂತಲೆ, ಹಂಸದ ಮುಂದೆ ನಿಂತು ನಳನ ಸುದ್ದಿ ಕೇಳುವ ದಮಯಂತಿ, ರೆಕ್ಕೆ ಕಳೆದುಕೊಂಡ ಜಟಾಯು ಮತ್ತು ಮುಖ ಮುಚ್ಚಿಕೊಂಡ ಸೀತೆ: ಪ್ರತಿಯೊಂದೂ ಆಟದ ನಡುವೆ ಒಂದು ಗಳಿಗೆ ನಿಂತುಹೋದಂತೆ ಇದೆ. ಎಣ್ಣೆಬಣ್ಣವೂ ನೆರಳುಬೆಳಕಿನ ಲೆಕ್ಕವೂ ಯೂರೋಪಿನಿಂದ ಬಂದವು. ಆದರೆ ಕಥೆಯ ಯಾವ ಗಳಿಗೆಯನ್ನು ಹಿಡಿಯಬೇಕು ಎಂಬ ತಿಳಿವಳಿಕೆ ಕಿಳಿಮಾನೂರಿನ ದೀಪದ ಮುಂದೆ ಬಂದದ್ದು ಎಂದು ನನಗೆ ತೋರುತ್ತದೆ.

ಸೋದರಮಾವ ರಾಜರಾಜವರ್ಮರು ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುತ್ತಿದ್ದವರು. ಅವರು ಅರ್ಧಕ್ಕೆ ಬಿಟ್ಟುಹೋದ ಚಿತ್ರವೊಂದನ್ನು ಹುಡುಗನು ಅವರಿಲ್ಲದಾಗ ತಾನೇ ಮುಗಿಸಿಟ್ಟನೆಂದೂ, ಹಿಂದಿರುಗಿದ ಮಾವನು ಗದರಿಸುವ ಬದಲು ಅಂದಿನಿಂದಲೇ ಪಾಠ ಆರಂಭಿಸಿದನೆಂದೂ ಹೇಳುತ್ತಾರೆ. ಅಂಗಡಿಯಿಂದ ಬಣ್ಣ ತರುವ ಕಾಲ ಅದಲ್ಲ. ಎಲೆ, ಹೂವು, ಮರದ ತೊಗಟೆ, ಮಣ್ಣು ಇವುಗಳಿಂದ ಬಣ್ಣವನ್ನು ಮನೆಯಲ್ಲೇ ಅರೆದು ಸಿದ್ಧಪಡಿಸಬೇಕಾಗಿತ್ತು. ಯಾವ ಹಸುರು ಯಾವ ಎಲೆಯಿಂದ, ಯಾವ ಕೆಂಪು ಯಾವ ಮಣ್ಣಿನಿಂದ ಎಂಬುದನ್ನು ಕೈಯಾರೆ ತಿಳಿದವನಿಗೆ ತನ್ನ ಹಿತ್ತಲೇ ಬಣ್ಣದ ಪೆಟ್ಟಿಗೆ.

1862ರಲ್ಲಿ, ಹುಡುಗನಿಗೆ ಹದಿನಾಲ್ಕು ವರ್ಷವಾದಾಗ, ಮಾವನು ಅವನನ್ನು ತಿರುವನಂತಪುರಕ್ಕೆ ಕರೆದೊಯ್ದು ಮಹಾರಾಜ ಆಯಿಲ್ಯಂ ತಿರುನಾಳರ ಮುಂದೆ ನಿಲ್ಲಿಸಿದನು. ಮಹಾರಾಜರು ಹುಡುಗನನ್ನು ರಾಜಧಾನಿಯಲ್ಲಿಯೇ ಉಳಿಸಿಕೊಂಡು, ಅರಮನೆಯಲ್ಲಿದ್ದ ಯೂರೋಪಿನ ಚಿತ್ರಗಳನ್ನು ನೋಡಲು ಅನುಮತಿ ಕೊಟ್ಟರು. ಆದರೆ ನೋಡುವುದು ಬೇರೆ, ಕಲಿಯುವುದು ಬೇರೆ. ಎಣ್ಣೆಬಣ್ಣದ ವಿದ್ಯೆಯನ್ನು ಬಲ್ಲ ಆಸ್ಥಾನ ಕಲಾವಿದ ರಾಮಸ್ವಾಮಿ ನಾಯ್ಡು ಅದನ್ನು ಹೇಳಿಕೊಡಲು ಒಪ್ಪಲಿಲ್ಲ. ಅವರ ಶಿಷ್ಯ ಆರುಮುಖಂ ಪಿಳ್ಳೆ ಗುಟ್ಟಾಗಿ ಬಂದು ತನಗೆ ತಿಳಿದಷ್ಟನ್ನು ತೋರಿಸಿಕೊಟ್ಟರು. 1868ರಲ್ಲಿ ಡೆನ್ಮಾರ್ಕ್ ಮೂಲದ ಚಿತ್ರಕಾರ ಥಿಯೋಡರ್ ಜೆನ್ಸನ್ ರಾಜಕುಟುಂಬದ ಭಾವಚಿತ್ರ ಬರೆಯಲು ಬಂದಾಗಲೂ ಅಷ್ಟೇ: ಕೆಲಸ ಮಾಡುವಾಗ ದೂರದಿಂದ ನೋಡಬಹುದು, ಪಾಠವಿಲ್ಲ. ಮನೆಯಲ್ಲಿ ಬೇಡದೆಯೇ ಸಿಕ್ಕಿದ ವಿದ್ಯೆ ಹೊರಗೆ ಬೇಡಿದರೂ ಸಿಕ್ಕಲಿಲ್ಲ. ಆದರೂ ತರುಣನು ಕುಗ್ಗಲಿಲ್ಲ. ಕಂಡದ್ದನ್ನು ರಾತ್ರಿ ತಾನೇ ಮಾಡಿ ನೋಡಿ, ತಪ್ಪಿ, ತಿದ್ದಿಕೊಂಡು ಕಲಿತನು. ಬಾಲ್ಯದಲ್ಲಿ ಯಾರಾದರೂ ನಂಬಿ ಬೆನ್ನು ತಟ್ಟಿದ್ದರೆ ಮಾತ್ರ ಇಂಥ ಛಲ ಬಾಳುತ್ತದೆ.

ಈ ನಡುವೆ 1866ರಲ್ಲಿ ಮಾವೇಲಿಕ್ಕರದ ರಾಜಮನೆತನದ ಭಾಗೀರಥಿಯವರೊಡನೆ ವಿವಾಹವಾಯಿತು. 1870ರಲ್ಲಿ ರವಿವರ್ಮರು ಕೊಲ್ಲೂರಿಗೆ ಯಾತ್ರೆ ಹೋಗಿ ಮೂಕಾಂಬಿಕೆಯ ಸನ್ನಿಧಿಯಲ್ಲಿ ನಲವತ್ತೊಂದು ದಿನಗಳ ವ್ರತವನ್ನು ನಡೆಸಿದರು. ಕೊಲ್ಲೂರು ಇದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಆಗ ನಮ್ಮ ಈ ಸೀಮೆಯೂ ಸೇರಿತ್ತು. ಇಂದಿಗೂ ಮಲಯಾಳದ ಕಡೆಯಿಂದ ತಾಯ್ತಂದೆಯರು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಮೂಕಾಂಬಿಕೆಯ ಬಳಿಗೆ ಹೋಗುವುದನ್ನು ನಾವು ಕಾಣುತ್ತೇವೆ. ಇಪ್ಪತ್ತೆರಡರ ಹರೆಯದ ಆ ಚಿತ್ರಕಾರ ತನ್ನ ಕುಂಚಕ್ಕಾಗಿ ಅದನ್ನೇ ಮಾಡಿದರೆನ್ನಬಹುದು. ವ್ರತ ಮುಗಿಸಿ ಮರಳುವ ದಾರಿಯಲ್ಲಿ ಕೋಳಿಕ್ಕೋಡಿನಲ್ಲಿ ಕೃಷ್ಣ ಮೇನೋನ್ ಎಂಬ ನ್ಯಾಯಾಧಿಕಾರಿಯ ಕುಟುಂಬದ ಚಿತ್ರ ಬರೆಯುವ ಕೆಲಸ ದೊರೆಯಿತು. ಹಣ ಪಡೆದು ಮಾಡಿದ ಮೊದಲ ಕೆಲಸ ಅದು. ರಾಜಮನೆತನದ ಸಂಬಂಧಿಯೊಬ್ಬ ಚಿತ್ರ ಬರೆದು ಸಂಭಾವನೆ ಪಡೆಯುವುದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ.

1873ರಲ್ಲಿ ಮದ್ರಾಸಿನ ಕಲಾಪ್ರದರ್ಶನದಲ್ಲಿ ರವಿವರ್ಮರ ಚಿತ್ರಕ್ಕೆ ಗವರ್ನರರ ಚಿನ್ನದ ಪದಕ ಬಂದಿತು. ಅದೇ ವರ್ಷ ವಿಯೆನ್ನಾದ ಪ್ರದರ್ಶನದಲ್ಲಿಯೂ ಮನ್ನಣೆ ದೊರಕಿತು. ಆ ಚಿತ್ರದಲ್ಲಿ ಇದ್ದದ್ದು ದೇವರಲ್ಲ, ರಾಜನಲ್ಲ. ಒಬ್ಬ ನಾಯರ್ ಹೆಣ್ಣುಮಗಳು ಮುಡಿಗೆ ಮಲ್ಲಿಗೆ ಮುಡಿದುಕೊಳ್ಳುತ್ತಿರುವ ನೋಟ. ಜಗತ್ತಿನ ಮುಂದೆ ಇಡಲು ಅವರು ಆರಿಸಿಕೊಂಡ ಮೊದಲ ವಸ್ತು ಹೆಣ್ಣುಮಕ್ಕಳಿಂದ ತುಂಬಿದ ತಮ್ಮ ತರವಾಡಿನ ಒಳಕೋಣೆಯಲ್ಲಿ ದಿನವೂ ಕಂಡದ್ದೇ ಆಗಿತ್ತು. ಬಿಳಿಯ ಮುಂಡಿನ ನೆರಿಗೆ, ಕಪ್ಪು ಕೂದಲ ಹೊಳಪು, ಹೂವನ್ನು ಮುಡಿಯುವ ಬೆರಳಿನ ಬಾಗು, ಇವನ್ನು ಯಾವ ವಿದೇಶೀ ಗ್ರಂಥವೂ ಕಲಿಸಲಾರದು. ಮುಂದೆ 1893ರಲ್ಲಿ, ಮಗಳು ಮಹಾಪ್ರಭೆ ಮಗುವನ್ನು ಎತ್ತಿಕೊಂಡು ಅದರ ತಂದೆಯ ಬರವನ್ನು ನೋಡುತ್ತ ನಿಂತಿರುವ ಚಿತ್ರವನ್ನು ಬರೆದರು. ಕೀರ್ತಿ ಕಡಲು ದಾಟಿದ್ದ ದಿನಗಳಲ್ಲಿಯೂ ಕಣ್ಣು ಮನೆಯಂಗಳವನ್ನು ಬಿಟ್ಟಿರಲಿಲ್ಲ.

1881ರಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರ ಕರೆ ಬಂದಿತು. 1885ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ ಆಹ್ವಾನ. ತಮ್ಮ ರಾಜರಾಜವರ್ಮ ಅಣ್ಣನ ಜೊತೆಗಾರನಾಗಿ, ಸಹಾಯಕನಾಗಿ, ಲೆಕ್ಕಪತ್ರ ನೋಡುವವನಾಗಿ ಎಲ್ಲೆಡೆಯೂ ಬಂದನು. 1888ರಲ್ಲಿ ಬಡೋದೆಯ ಅರಮನೆಗೆ ರಾಮಾಯಣ ಮಹಾಭಾರತಗಳ ಹದಿನಾಲ್ಕು ಚಿತ್ರಗಳನ್ನು ಬರೆಯುವ ಕೆಲಸ ಬಂದಾಗ ಒಂದು ಪ್ರಶ್ನೆ ಎದುರಾಯಿತು. ಸೀತೆ, ದ್ರೌಪದಿ, ದಮಯಂತಿಯರಿಗೆ ಯಾವ ನಾಡಿನ ಉಡುಗೆ ಉಡಿಸಬೇಕು? ಮಲಯಾಳದ ಮುಂಡು ಉಡಿಸಿದರೆ ಬಡೋದೆಯವರಿಗೆ ಸೀತೆ ಪರಕೀಯಳಾಗುವಳು. ಇಡೀ ದೇಶಕ್ಕೆ ಒಪ್ಪುವ ಒಂದು ಉಡುಗೆಯನ್ನು ಹುಡುಕಿಕೊಂಡು ಅಣ್ಣತಮ್ಮಂದಿರು ಉತ್ತರ ಭಾರತವನ್ನೆಲ್ಲ ಸುತ್ತಿದರು. ಕಂಡದ್ದು ಒಂದೊಂದು ಸೀಮೆಗೆ ಒಂದೊಂದು ಉಡುಗೆ, ಒಂದೊಂದು ಆಭರಣ. ಕೊನೆಗೆ ಪೌರಾಣಿಕ ನಾಯಿಕೆಯರಿಗೆ ಹೆಚ್ಚಾಗಿ ಮಹಾರಾಷ್ಟ್ರದ ರೀತಿಯ ಸೀರೆಯನ್ನೇ ಉಡಿಸಿದರು.

ಇಲ್ಲಿ ಗಳಿಕೆಯೂ ಇದೆ, ಕಳೆತವೂ ಇದೆ. ಭಾಷೆ ಬೇರೆಯಾದ ಜನರಿಗೆ ಒಂದೇ ಸೀತೆ, ಒಬ್ಬಳೇ ಶಕುಂತಲೆ ಸಿಕ್ಕಿದಳು. ಆದರೆ ಆ ಸೀತೆ ತನ್ನನ್ನು ಮೊದಲು ಕಲ್ಪಿಸಿಕೊಂಡ ಮನೆಯ ಉಡುಗೆಯನ್ನು ಕಳಚಿಡಬೇಕಾಯಿತು. ಎರಡು ಭಾಷೆಗಳ ಗಡಿಯಲ್ಲಿ ಬಾಳುವ ನಮಗೆ ಈ ತೊಡಕು ಹೊಸದಲ್ಲ. ಎಲ್ಲರಿಗೂ ಅರ್ಥವಾಗುವಂತೆ ಆಡಲು ಹೋಗಿ ಮನೆಯ ಮಾತಿನ ಸೊಗಡನ್ನು ಬಿಟ್ಟುಕೊಡುವುದನ್ನು ನಾವು ದಿನವೂ ಮಾಡುತ್ತೇವೆ. ರವಿವರ್ಮರು ಈ ತೊಡಕಿಗೆ ಮತ್ತೊಂದು ಬಗೆಯ ಉತ್ತರವನ್ನೂ ಬರೆದರು. ಅದು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿದೆ. ಹನ್ನೊಂದು ಮಂದಿ ಹೆಂಗಸರು ವಾದ್ಯಗಳೊಡನೆ ಒಂದೆಡೆ ಸೇರಿದ್ದಾರೆ. ಅವರ ಉಡುಗೆತೊಡುಗೆಗಳು ಬೇರೆಬೇರೆ ಸೀಮೆಗಳವು. ಯಾರೂ ತನ್ನದನ್ನು ಕಳಚಿಟ್ಟು ಬಂದಿಲ್ಲ. ಮೈಸೂರು ಪ್ರವಾಸಕ್ಕೆ ಹೋಗುವ ನಮ್ಮ ಮಕ್ಕಳು ಅರಮನೆಯನ್ನೂ ಮೃಗಾಲಯವನ್ನೂ ನೋಡಿ ಹಿಂದಿರುಗುವ ಮುನ್ನ ಈ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂಬುದು ನನ್ನ ಆಸೆ.

1893ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ನಡೆದ ವಿಶ್ವಪ್ರದರ್ಶನಕ್ಕೆ ರವಿವರ್ಮರ ಹತ್ತು ಚಿತ್ರಗಳು ಹೋಗಿ ಪದಕ ಗಳಿಸಿದವು. ಅವುಗಳಲ್ಲಿಯೂ ಬೇರೆಬೇರೆ ನಾಡಿನ ಹೆಣ್ಣುಮಕ್ಕಳ ನಿತ್ಯಜೀವನವೇ ಮುಖ್ಯವಾಗಿತ್ತು. ಆದರೆ ಅರಮನೆಗಳಲ್ಲಿ ತೂಗುವ ಚಿತ್ರವನ್ನು ಬಡವನು ಕಾಣುವುದೆಂತು? ಇದಕ್ಕೆ ಉತ್ತರವಾಗಿ 1894ರಲ್ಲಿ ಮುಂಬಯಿಯ ಗಿರ್ಗಾಂವಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದರ ಮೇಲೊಂದು ಒತ್ತಿ ಅಚ್ಚಾದ ಹಾಳೆ ಅಗ್ಗದ ಬೆಲೆಗೆ ಪೇಟೆಗೆ ಬಂದಿತು. ಅನಂತರ ಅಚ್ಚುಕೂಟವು ಲೋಣಾವಳದ ಬಳಿಯ ಮಳವಳಿಗೆ ಸ್ಥಳಾಂತರಗೊಂಡಿತು. ವ್ಯವಹಾರದಲ್ಲಿ ನಷ್ಟವೇ ಹೆಚ್ಚಾಗಿ, ಕೆಲವೇ ವರ್ಷಗಳಲ್ಲಿ ಅದನ್ನು ಅಲ್ಲಿಯೇ ಕೆಲಸಕ್ಕಿದ್ದ ಜರ್ಮನಿಯ ತಂತ್ರಜ್ಞ ಫ್ರಿಟ್ಜ್ ಷ್ಲೈಕರ್ ಎಂಬವರಿಗೆ ಮಾರಬೇಕಾಯಿತು. ಅಚ್ಚುಕೂಟ ಕೈಬಿಟ್ಟರೂ ಚಿತ್ರಗಳು ನಿಲ್ಲಲಿಲ್ಲ. ಗರ್ಭಗುಡಿಯ ಹೊಸ್ತಿಲು ತುಳಿಯಲು ಅವಕಾಶವಿಲ್ಲದಿದ್ದವರ ಗುಡಿಸಲಿಗೂ ಲಕ್ಷ್ಮಿ ಬಂದು ನಿಂತಳು.

ಕಥೆ ಇಲ್ಲಿಗೆ ಒಂದು ಸುತ್ತು ಬಂದಂತಾಯಿತು. ಒಂದು ಮನೆ ಒಬ್ಬ ಬಾಲಕನ ಕೈಯನ್ನು ರೂಪಿಸಿತು. ಆ ಕೈ ಲಕ್ಷಾಂತರ ಮನೆಗಳ ಗೋಡೆಯನ್ನು ರೂಪಿಸಿತು. ಆ ಗೋಡೆಗಳು ಮುಂದಿನ ತಲೆಮಾರಿನ ಮಕ್ಕಳ ಕಣ್ಣನ್ನು ರೂಪಿಸಿದವು. ಇಂದು ನಮ್ಮ ತರಗತಿಯಲ್ಲಿ ಸರಸ್ವತಿಯನ್ನು ಬರೆಯಲು ಹೇಳಿದರೆ ಹೆಚ್ಚಿನ ಮಕ್ಕಳು ಬಿಳಿ ಸೀರೆ, ನಾಲ್ಕು ಕೈ, ವೀಣೆ, ಪಕ್ಕದಲ್ಲೊಂದು ನವಿಲನ್ನು ಬರೆಯುತ್ತಾರೆ. ರವಿವರ್ಮರ ಹೆಸರು ಗೊತ್ತಿಲ್ಲದಿದ್ದರೂ ಕ್ಯಾಲೆಂಡರಿನ ಮೂಲಕ ಅವರ ಸರಸ್ವತಿಯೇ ಇಳಿದುಬಂದಿದ್ದಾಳೆ. ಇದು ಆ ಕಲಾವಿದರ ಹಿರಿಮೆ. ಜೊತೆಗೆ ಶಿಕ್ಷಕರಾದ ನಮಗೆ ಒಂದು ಎಚ್ಚರಿಕೆಯೂ ಹೌದು. ಅಚ್ಚಾದ ಚಿತ್ರವನ್ನು ನೋಡಿ ಬರೆಯುವುದೇ ಚಿತ್ರಕಲೆಯೆಂದು ಮಗು ತಿಳಿದುಕೊಂಡರೆ, ಅದರ ಅಜ್ಜಿ ಅಂಗಳದಲ್ಲಿ ಹಾಕುವ ರಂಗೋಲಿ, ಭೂತದ ಅಣಿಯ ತೆಂಗಿನ ಗರಿ, ತೆಯ್ಯದ ಮುಖದ ಕೆಂಪು, ಓಣಂ ದಿನದ ಪೂಕ್ಕಳಂ, ಅಡಿಕೆ ಹರಡಿದ ಅಂಗಳ, ಕಡಲಲ್ಲಿ ಅಪ್ಪನ ದೋಣಿ, ಊರಿನ ಮಸೀದಿಯ ಮಿನಾರು ಇವೆಲ್ಲ ಕಾಗದದ ಮೇಲೆ ಬರಲು ಹಿಂಜರಿಯುತ್ತವೆ. ರವಿವರ್ಮರ ಚಿತ್ರವನ್ನು ನಕಲು ಮಾಡಿದ ಮಗು ರವಿವರ್ಮರಿಂದ ಕಲಿತದ್ದು ಸ್ವಲ್ಪ. ರವಿವರ್ಮರಂತೆ ತನ್ನ ಮನೆಯನ್ನು ನೋಡಿದ ಮಗುವೇ ಅವರ ನಿಜವಾದ ಶಿಷ್ಯ.

ಬಂಗಾಳದಲ್ಲಿ ಹೊಸ ಕಲಾಚಳುವಳಿ ತಲೆಯೆತ್ತಿದ ಮೇಲೆ ಹ್ಯಾವೆಲ್, ಆನಂದ ಕುಮಾರಸ್ವಾಮಿ ಮೊದಲಾದವರು ರವಿವರ್ಮರ ಚಿತ್ರಗಳನ್ನು ಯೂರೋಪಿನ ಅನುಕರಣೆಯೆಂದು ಟೀಕಿಸಿದರು. ಎಣ್ಣೆಬಣ್ಣದ ಮಟ್ಟಿಗೆ ಆ ಟೀಕೆಯಲ್ಲಿ ಹುರುಳಿದೆ. ಆದರೆ ಚಿತ್ರದ ಒಳಗಿರುವ ಕಥೆಯ ನಡೆ, ಅಭಿನಯ, ಹೆಣ್ಣಿನ ಬಗೆಗಿನ ಆದರ ಇವುಗಳ ಬೇರು ಎಲ್ಲಿದೆಯೆಂಬುದನ್ನು ಅವರ ಬಾಲ್ಯವನ್ನು ಬಲ್ಲವರು ಮರೆಯಲಾರರು.

ಅದೇ ಮನೆಯ ಇನ್ನೊಂದು ಮಗುವಿನ ಮಾತನ್ನು ಹೇಳದೆ ಈ ಬಾಳಿನ ಕಥೆ ಪೂರ್ಣವಾಗದು. ತಂಗಿ ಮಂಗಳಾಬಾಯಿ ಅಣ್ಣಂದಿರಂತೆಯೇ ಚಿತ್ರ ಬರೆಯಬಲ್ಲವರಾಗಿದ್ದರು. ಅವರು ಬರೆದ ಅಣ್ಣನ ಭಾವಚಿತ್ರ ಅವರ ಕೈಯ ಬಲವನ್ನು ಹೇಳುತ್ತದೆ. ಅದೇ ತಾಯಿ, ಅದೇ ಹಾಡು, ಅದೇ ಕಥಕಳಿ, ಅದೇ ಗೋಡೆ. ಆದರೆ ಅಣ್ಣಂದಿರು ರೈಲು ಹತ್ತಿ ಬಡೋದೆ, ಮುಂಬಯಿ, ಮೈಸೂರುಗಳಿಗೆ ಹೋದರು. ತಂಗಿಯ ಕುಂಚಕ್ಕೆ ಆ ದಾರಿ ತೆರೆಯಲಿಲ್ಲ. ಹೆಣ್ಣಿನ ಮೂಲಕವೇ ವಂಶ ಎಣಿಸುತ್ತಿದ್ದ ಮನೆಯಲ್ಲಿಯೂ ಹೀಗಾಯಿತು. ಮನೆಯು ಮಗುವಿಗೆ ಕಣ್ಣನ್ನೂ ಕೈಯನ್ನೂ ಕೊಡುವಂತೆಯೇ ಹೊಸ್ತಿಲನ್ನೂ ಇಡುತ್ತದೆ. ಕೆಳಗಿನ ತರಗತಿಗಳಲ್ಲಿ ಚಂದವಾಗಿ ಚಿತ್ರ ಬರೆಯುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಬಣ್ಣದ ಪೆಟ್ಟಿಗೆಯನ್ನು ತಮ್ಮಂದಿರಿಗೆ ಕೊಟ್ಟುಬಿಡುವುದನ್ನು ಶಿಕ್ಷಕಿಯಾಗಿ ಕಂಡಿದ್ದೇನೆ. ಹೆತ್ತವರು ಮಂಗಳಾಬಾಯಿಯವರ ಹೆಸರನ್ನೂ ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಬಾಳಿನ ಕೊನೆಯ ವರ್ಷಗಳಲ್ಲಿ ರವಿವರ್ಮರಿಗೆ 1904ರಲ್ಲಿ ಕೈಸರ್‌-ಇ-ಹಿಂದ್ ಚಿನ್ನದ ಪದಕ ಸಂದಿತು. ಮೈಸೂರಿನ ಕೃಷ್ಣರಾಜ ಒಡೆಯರಿಗಾಗಿ ಒಂಬತ್ತು ಪೌರಾಣಿಕ ಚಿತ್ರಗಳನ್ನು ಬರೆಯುವ ಕೆಲಸವನ್ನು ಕೈಗೊಂಡರು. ಅಷ್ಟರಲ್ಲಿ, 1905ರ ಆರಂಭದಲ್ಲಿ, ನೆರಳಿನಂತೆ ಜೊತೆಗಿದ್ದ ತಮ್ಮ ರಾಜರಾಜವರ್ಮ ತೀರಿಕೊಂಡರು. ಹೆಂಡತಿ ಬಹಳ ಮೊದಲೇ ಅಗಲಿದ್ದರು. ಸಿಹಿಮೂತ್ರದ ಕಾಯಿಲೆಯಿಂದ ದೇಹ ಕುಗ್ಗುತ್ತಿದ್ದರೂ ಒಪ್ಪಿಕೊಂಡ ಕೆಲಸವನ್ನು ರವಿವರ್ಮರು ಮುಂದುವರಿಸಿದರು. ದೇಶವೆಲ್ಲ ಸುತ್ತಿದ ಮೇಲೆ ಕೊನೆಗೆ ಬಂದು ಸೇರಿದ್ದು ಕಿಳಿಮಾನೂರನ್ನೇ. ಮೊದಲ ಗೆರೆ ಎಳೆದ ಆ ಮನೆಯಲ್ಲಿಯೇ 1906ರ ಅಕ್ಟೋಬರ್ 2ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.

ಎಲ್ಲ ಮನೆಗಳೂ ಕಿಳಿಮಾನೂರಿನ ಅರಮನೆಯಾಗಲಾರವು. ಎಲ್ಲ ತಾಯಂದಿರೂ ಕವಯಿತ್ರಿಯರಲ್ಲ, ಎಲ್ಲ ಮಾವಂದಿರೂ ಚಿತ್ರಕಾರರಲ್ಲ. ಆದರೆ ಆ ಮನೆಯಲ್ಲಿ ನಡೆದ ಮುಖ್ಯವಾದ ಸಂಗತಿಗೆ ಸಿರಿತನ ಬೇಕಾಗಿರಲಿಲ್ಲ. ದೊಡ್ಡವರೊಬ್ಬರು ಗೋಡೆಯ ಮುಂದೆ ನಿಂತು, ಗದರಿಸುವ ಮೊದಲು ನೋಡಿದರು. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಹವ್ಯಕ ಕನ್ನಡವನ್ನೋ ಆಡಿ ಶಾಲೆಗೆ ಬರುವ ನಮ್ಮ ಮಕ್ಕಳಿಗೆ ಪುಸ್ತಕದ ಕನ್ನಡ ನಾಲಗೆಗೆ ಹತ್ತಲು ಸ್ವಲ್ಪ ಕಾಲ ಬೇಕಾಗುತ್ತದೆ. ಅಲ್ಲಿಯವರೆಗೆ ಅವರು ತಮ್ಮ ಮನೆಯ ಸುದ್ದಿಯನ್ನು ನಮಗೆ ತಿಳಿಸುವುದು ಚಿತ್ರದಲ್ಲಿಯೇ. ಆ ಸುದ್ದಿಯನ್ನು ಓದಲು ಶಿಕ್ಷಕರಾದ ನಾವು ಕಲಿಯಬೇಕು. ಒಂದನೆಯ ತರಗತಿಯ ಹೊರಗೋಡೆಯ ಕೆಳಭಾಗಕ್ಕೆ, ಪುಟ್ಟ ಮಕ್ಕಳ ಕೈ ಎಟಕುವಷ್ಟು ಎತ್ತರಕ್ಕೆ, ಈ ವರ್ಷ ಕಪ್ಪು ಬಳಿಸಿದ್ದೇವೆ. ಅಲ್ಲಿ ಸೀಮೆಸುಣ್ಣದ ಡಬ್ಬಿಯೊಂದು ಸದಾ ಇರುತ್ತದೆ. ಶಾಲೆಗೆ ಬರುವ ಹೆತ್ತವರೂ ಹಳೆಯ ವಿದ್ಯಾರ್ಥಿಗಳೂ ಕಚೇರಿಗೆ ಹೋಗುವ ಮುನ್ನ ಆ ಗೋಡೆಯ ಮುಂದೆ ಒಂದು ಗಳಿಗೆ ನಿಂತು, ಅಲ್ಲಿ ಏನಿದೆಯೆಂದು ನೋಡಿ ಹೋಗಬೇಕೆಂದು ವಿನಂತಿ.